ಮಳಗಿ ಲೆಕ್ಕದ ಫಕೀರಪ್ಪ

ಜಗತ್ತಿನ ಯಾವ ದೇಶ ಎಷ್ಟು ಗ್ಯಾಸು ತಯಾರಿಸುತ್ತದೆ, ಯಾವುದು ಎಷ್ಟು ಉರಿಸಿ ಮುಗಿಸುತ್ತದೆ ಎಂಬುದನ್ನೆಲ್ಲ ಫಕೀರಪ್ಪ ಮಳಗಿಯಲ್ಲಿ ಅಳೆಯುತ್ತಿದ್ದ. ಸೇರು, ಮಣ, ಗ್ಯಾಲನ್ನುಗಳ ಮೇಲೆ ಅವನಿಗೆ ನಂಬಿಕೆ ಇರಲಿಲ್ಲ. ಮಳಗಿ ಎಂದರೆ ಮುಂಡಗೋಡದಿಂದ ಪಾಳಾ ದಾಟಿದ ಮೇಲೆ ಸಿಗುವ ಊರು. ಮುಂಡಗೋಡದಲ್ಲಿ ಹೊರಟ, ಅವನು ಓಡಿಸುತ್ತಿದ್ದ ಬಸ್ಸು ಮಳಗಿ ಮುಟ್ಟುವಷ್ಟರಲ್ಲಿ ಎಷ್ಟು ಗ್ಯಾಸು ನುಂಗುತ್ತದೋ ಅಷ್ಟಕ್ಕೆ ಒಂದು ಮಳಗಿ ಎಂದು ಹೆಸರು. ಪಾಳಾತನಕ ಮಾತ್ರ ಹೋದರೆ ಅರ್ಧ ಮಳಗಿ. ಜರ್ಮನಿ, ಜಪಾನು, ಅಮೇರಿಕಾ ಯಾವುದೇ ಇರಲಿ, ಫಕೀರಪ್ಪನ ಬಾಯಿಗೆ ಬೀಳಬೇಕಾದರೆ ಮೊದಲು ಮಳಗಿಗೆ ಬರಲೇಬೇಕಿತ್ತು.

“ಮಾಸ್ತರ, ಜರ್ಮನ್ಯಾಗ ದಿನಕ್ಕ ಎಷ್ಟು ಮಳಗಿ ಗ್ಯಾಸು ಹುಟ್ಟತೈತಿ ಗೊತ್ತೈತೇನ್ರಿ?” ಎಂದು ನನ್ನನ್ನು ಕೇಳುತ್ತಿದ್ದ. ನಾನು ಮುಂಡಗೋಡದ ಸಾಲಿಯಲ್ಲಿ ಭೂಗೋಳ ಕಲಿಸುವವನು. ಗೊತ್ತಿಲ್ಲ ಎಂದು ಎಲ್ಲರೆದುರು ಒಪ್ಪಿಕೊಳ್ಳುವುದು ಕಷ್ಟ.

“ಎಷ್ಟಪಾ? ನೀನ ಹೇಳು.”

“ಎಣಸಾಕ ಬರೂದಿಲ್ಲ!”

ಇದನ್ನು ಅವನು ಹೇಳುತ್ತಿದ್ದ ಗತ್ತು ನೋಡಿದರೆ ಬಿಡಿಕಾಸಿನವರೆಗೂ ಲೆಕ್ಕ ಒಪ್ಪಿಸಿದ ಹಾಗಿರುತ್ತಿತ್ತು. ಬಸ್ಸಿನಲ್ಲಿ ಕೂತವರೆಲ್ಲ ಜರ್ಮನಿಯ ಬಗ್ಗೆ ಒಂದು ಹೊಸ ವಿಷಯ ತಿಳಿಯಿತೆಂದು ತಲೆಯಾಡಿಸುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಆದರೆ ಎಣಿಸಲು ಬರುತ್ತದೆ ಎಂದು ವಾದ ಹೂಡಿದರೆ ಎಣಿಸಿ ತೋರಿಸಬೇಕಾಗುತ್ತದೆ. ಅದು ನನ್ನಿಂದಲೂ ಆಗದ ಕೆಲಸ.

ಅದು ಯುದ್ಧದ ಕಾಲ. ಪೆಟ್ರೋಲನ್ನೆಲ್ಲ ಮಿಲಿಟರಿಯವರು ಒಯ್ದು ನಮಗೆ ಅದರ ವಾಸನೆ ಮಾತ್ರ ಬಿಟ್ಟಿದ್ದರು. ಹೀಗಾಗಿ ಓಡಬೇಕೆಂಬ ಆಸೆಯಿದ್ದ ಬಸ್ಸುಗಳೆಲ್ಲ ಬೆನ್ನಿಗೆ ತಗಡಿನದೊಂದು ದೊಡ್ಡ ಭಟ್ಟಿ ಕಟ್ಟಿಕೊಂಡವು. ಅದರಲ್ಲಿ ಇದ್ದಿಲು ತುಂಬಿ, ಕೆಳಗೆ ಕಿಚ್ಚು ಹಾಕಿ, ಪಂಕ ತಿರುವಿ ಗಾಳಿ ಊದಿದರೆ ಗ್ಯಾಸು ಹುಟ್ಟುತ್ತದೆ. ಅದು ಕೊಳವೆಯೊಳಗಿಂದ ಹರಿದು ಎಂಜಿನ್ನಿಗೆ ಹೋಗುತ್ತದೆ. ಎಂಜಿನ್ನಿನ ಮನಸ್ಸಿಗೆ ಬಂದರೆ ಬಸ್ಸು ಓಡುತ್ತದೆ. ಅದರ ಮನಸ್ಸಿಗೆ ಬರುವುದು ಕಡಿಮೆ. ದಾಂಡೇಲಿ, ಹಳಿಯಾಳದ ಕಾಡಿನ ಇದ್ದಿಲು ಗೋಣಿಚೀಲಗಳಲ್ಲಿ ಬಂದು ಬಸ್ಸಿನ ತಲೆಯ ಮೇಲೆ ಕೂಡುತ್ತಿತ್ತು, ಒಳಗೆ ನಾವು ಕೂಡುತ್ತಿದ್ದೆವು. ಇಳಿಯುವ ಹೊತ್ತಿಗೆ ಚೀಲ ಯಾವುದು, ಮಾಸ್ತರ ಯಾರು ಎಂದು ಹೇಳುವುದು ಕಷ್ಟವಾಗುತ್ತಿತ್ತು.

ಫಕೀರಪ್ಪ ಹಳಿಯಾಳದವನು. ಹರೆಯದಲ್ಲಿ ಅಲ್ಲಿಯ ಗರಡಿಮನೆಯಲ್ಲಿ ಕುಸ್ತಿ ಕಲಿತಿದ್ದ. ಆ ಕಾಲದ ಗುರುತಾಗಿ ಒಂದು ಕಿವಿ ಮುರುಟಿ ಹಪ್ಪಳವಾಗಿತ್ತು. ದೊಡ್ಡ ಕುಸ್ತಿ ಯಾವುದನ್ನೂ ಗೆದ್ದಿರಲಾರ. ಗೆದ್ದಿದ್ದರೆ ಅದರ ಕಥೆ ಹೇಳದೆ ಬಿಡುವ ಪೈಕಿ ಅವನಲ್ಲ. ಕುಸ್ತಿ ಬಿಟ್ಟು ಮೋಟಾರು ಹಿಡಿದ ಮೇಲೂ ಚಾಲಿ ಬದಲಾಗಿರಲಿಲ್ಲ. ಬೆಳಿಗ್ಗೆ ಬಂದವನೇ ಬಸ್ಸಿನ ಸುತ್ತ ಒಂದು ಸುತ್ತು ಹಾಕಿ, ತೊಡೆ ತಟ್ಟಿ, ಭಟ್ಟಿಗೆ ಭುಜ ಕೊಟ್ಟು ಒಮ್ಮೆ ಅಲುಗಾಡಿಸಿ ನೋಡುತ್ತಿದ್ದ. ಮೈಮುಖವೆಲ್ಲ ಇದ್ದಿಲ ಮಸಿ. ಹಣೆಯ ಮೇಲಿನ ಮೂರು ಗೆರೆ ವಿಭೂತಿ ಮಾತ್ರ ಸದಾ ಬೆಳ್ಳಗೆ. ಮಸಿಯಾದಂತೆಲ್ಲ ಜೇಬಿನಿಂದ ವಿಭೂತಿ ಗಟ್ಟಿ ತೆಗೆದು ಹೊಸದಾಗಿ ಎಳೆದುಕೊಳ್ಳುತ್ತಿದ್ದ.

“ಗ್ಯಾಸಂದ್ರ ಮತ್ತೇನಲ್ಲರಿ, ದಮ್ಮು. ದಮ್ಮಿದ್ದಾವ ನಿಲ್ತಾನ, ದಮ್ಮಿಲ್ಲದಾವ ಬೀಳ್ತಾನ. ಈ ಲಡಾಯಿನೂ ಅಷ್ಟ. ಯಾವ ದೇಶದ್ದು ಮೊದಲ ಗ್ಯಾಸು ತೀರತೈತಿ ನೋಡಕೋತ ಇರ್ರಿ,” ಎನ್ನುತ್ತಿದ್ದ. ಯುದ್ಧ ಮುಗಿಯುವುದು ಯಾವಾಗ ಎಂದು ಊರಿನ ಹಿರಿಯರು ನನ್ನನ್ನು ಬಿಟ್ಟು ಅವನನ್ನು ಕೇಳುತ್ತಿದ್ದರು.

ಭಟ್ಟಿ ಕಾದು ಗ್ಯಾಸು ಏಳಬೇಕಾದರೆ ಬಹಳ ಹೊತ್ತು ಬೇಕು. ಅಲ್ಲಿಯವರೆಗೆ ಪಂಕದ ಹಿಡಿಕೆ ತಿರುವುವುದು ಪ್ಯಾಸೆಂಜರುಗಳ ಪಾಳಿ. ಇದು ಫಕೀರಪ್ಪನ ಕಾಯಿದೆ. ತಿರುವಿದವನಿಗೆ ಮುಂದಿನ ಸೀಟು, ತಿರುವದವನಿಗೆ ಹಿಂದೆ ಭಟ್ಟಿಯ ಪಕ್ಕದ ಸೀಟು. ಅಲ್ಲಿ ಕೂತವನಿಗೆ ಬೇಸಿಗೆಯಲ್ಲಿ ಮಳಗಿ ಬರುವಷ್ಟರಲ್ಲಿ ಅರ್ಧ ಬೇಯುವುದು ಖಾತ್ರಿ. ಒಮ್ಮೆ ರೇಷ್ಮೆ ರುಮಾಲಿನ ಸಾಹುಕಾರರೊಬ್ಬರು ತಿಕೀಟಿಗೆ ರೊಕ್ಕ ಕೊಟ್ಟಿಲ್ಲವೇ, ತಾವೇಕೆ ತಿರುವಬೇಕು ಎಂದು ತಕರಾರು ತೆಗೆದರು. “ರೊಕ್ಕಾ ಬಸ್ಸಿಗೆ ಕೊಟ್ಟೀರಿ ಸಾವ್ಕಾರ್ರ, ಗ್ಯಾಸಿಗೆ ಏನ ಕೊಟ್ಟೀರಿ?” ಎಂದ. ಸಾಹುಕಾರರು ರುಮಾಲು ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಬೇಯುತ್ತಲೇ ಹೋದರು. ಮರುದಿನ ಎಲ್ಲರಿಗಿಂತ ಮೊದಲು ಬಂದು ಹಿಡಿಕೆ ಹಿಡಿದಿದ್ದರು.

ಇಡೀ ಮನುಷ್ಯಕುಲವನ್ನು ಅವನು ಎರಡು ಭಾಗ ಮಾಡಿದ್ದ: ಗ್ಯಾಸು ಮಾಡಾವ್ರು, ಗ್ಯಾಸು ತಿನ್ನಾವ್ರು. ಬಸ್ಸಿನ ಹಿಂದಿನ ತಗಡಿನ ಮೇಲೆ ಇದ್ದಿಲ ತುಂಡಿನಿಂದ ನಡುವೆ ಒಂದು ಗೆರೆ ಎಳೆದು, ಆಚೆ ಈಚೆ ದೇಶಗಳ ಹೆಸರು ಬರೆಯುತ್ತಿದ್ದ. ದಿನವೂ ಧೂಳು ಅದನ್ನು ಅಳಿಸುತ್ತಿತ್ತು, ದಿನವೂ ಹೊಸದಾಗಿ ಬರೆಯುತ್ತಿದ್ದ. ಒಂದು ದಿನ ಮಾಡುವವರ ಕಡೆಗಿದ್ದ ಜಪಾನು ಮರುದಿನ ತಿನ್ನುವವರ ಕಡೆಗೆ ಹೋಗಿರುತ್ತಿತ್ತು. ಏಕೆಂದು ಕೇಳಿದರೆ ಹುಬ್ಬಳ್ಳಿಯಿಂದ ಸುದ್ದಿ ಬಂದಿದೆ ಎನ್ನುತ್ತಿದ್ದ. ಸುದ್ದಿ ಬರುತ್ತಿದ್ದದ್ದು ಭಜಿ ಕಟ್ಟಿಕೊಟ್ಟ ಕಾಗದದಿಂದ, ರಜೆಯ ಮೇಲೆ ಬಂದ ಸಿಪಾಯಿಗಳಿಂದ, ಮತ್ತು ಹುಬ್ಬಳ್ಳಿಯ ಒಬ್ಬ ಹಜಾಮನಿಂದ. ಈ ಮೂರರಲ್ಲಿ ಹಜಾಮನ ಮಾತಿಗೆ ತೂಕ ಹೆಚ್ಚು. ಕೆಲವು ದಿನ ದೇಶಗಳ ಕೆಳಗೆ ನಮ್ಮ ಹೆಸರುಗಳೂ ಇರುತ್ತಿದ್ದವು. ಪಂಕ ತಿರುವಲು ಮೈಗಳ್ಳತನ ಮಾಡಿದ ದಿನ ರಷಿಯಾದ ಕೆಳಗೆ ‘ಭೂಗೋಳದ ಮಾಸ್ತರ’ ಎಂದು ತಿನ್ನುವವರ ಸಾಲಿನಲ್ಲಿ ಬರೆಸಿಕೊಂಡು ನಾನು ಮುಂಡಗೋಡವನ್ನೆಲ್ಲ ಸುತ್ತಿದ್ದೇನೆ. ಸಾಲಿ ಹುಡುಗರು ಬಸ್ಸಿನ ಹಿಂದೆ ಓಡುತ್ತ ಗಟ್ಟಿಯಾಗಿ ಓದಿದರು.

ಒಮ್ಮೆ ಕಾರವಾರದಿಂದ ಅಧಿಕಾರಿಯೊಬ್ಬರು ಬಂದರು. ಯಾವ ಬಸ್ಸು ಎಷ್ಟು ಇಂಧನ ಉರಿಸುತ್ತದೆ ಎಂದು ಸರಕಾರಕ್ಕೆ ತಿಳಿಯಬೇಕಿತ್ತು. ಇಂಥ ಪ್ರಶ್ನೆಗೆಂದೇ ಹುಟ್ಟಿದವನಂತೆ ಫಕೀರಪ್ಪ ಮುಂದೆ ಬಂದ.

“ದಿನಕ್ಕ ಎರಡು ಮಳಗಿ ಸಾಹೇಬ್ರ. ಸಂತಿ ದಿನಾ ಎರಡೂವರಿ.”

“ಮಳಗಿ ಅಂದರೆ?”

“ಮಳಗಿ ಅಂದ್ರ ಮಳಗಿ. ಬರ್ರಿ, ತೋರಸ್ತೇನಿ.”

ಸಾಹೇಬರನ್ನು ಹತ್ತಿಸಿಕೊಂಡು ಮಳಗಿಗೆ ಒಯ್ದ. ಹೊರಡುವ ಮೊದಲು ಕಾಯಿದೆಯಂತೆ ಪಂಕ ತಿರುವಿಸಿದ. ನಡುವಿನ ಏರಿನಲ್ಲಿ ಎಲ್ಲರೊಡನೆ ಇಳಿಸಿ ಬಸ್ಸು ನೂಕಿಸಿದ. ಮಳಗಿಯಲ್ಲಿ ಇಳಿದಾಗ ಸಾಹೇಬರ ಬಿಳಿ ಕೋಟು ನಮ್ಮ ಅಂಗಿಗಳ ಜಾತಿಗೆ ಸೇರಿತ್ತು. “ಈಗ ನಿಮಗ ಒಂದು ಮಳಗಿ ಅಂದ್ರ ಏನಂತ ತಿಳೀತಿಲ್ರಿ?” ಎಂದು ಫಕೀರಪ್ಪ ಕೇಳಿದ. ತಿಳಿಯಿತು ಎಂದರು. ಸರಕಾರಕ್ಕೆ ಅವರು ಏನು ಬರೆದರೋ ಗೊತ್ತಿಲ್ಲ. ಮತ್ತೆ ಆ ಕಡೆ ಬರಲಿಲ್ಲ.

ಅವನ ಬಾಯಿ ಮುಚ್ಚಿಸಬಲ್ಲವರು ಒಬ್ಬರೇ ಇದ್ದರು, ನಮ್ಮ ನೀಲವ್ವತ್ತಿ. ಆಕೆ ನನ್ನ ತಂದೆಯ ಅಕ್ಕ. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ಮುಂಡಗೋಡಕ್ಕೆ ಹತ್ತಿರದ ಹಳ್ಳಿ ಇಂದೂರಿನ ನಮ್ಮ ಮನೆಗೆ ಬಂದವಳು, ತಾಯಿ ಸತ್ತ ಮೇಲೆ ನನ್ನನ್ನು ಸಾಕಿದವಳು. ವಾರಕ್ಕೊಮ್ಮೆ ಇಂದೂರಿನಿಂದ ಮುಂಡಗೋಡಕ್ಕೆ ಫಕೀರಪ್ಪನ ಬಸ್ಸಿನಲ್ಲಿ ನನಗೆ ರೊಟ್ಟಿ, ಶೇಂಗಾಚಟ್ನಿ ಹೊತ್ತು ಬರುತ್ತಿದ್ದಳು. ಬಂದಾಗಲೆಲ್ಲ ತಾನಾಗಿಯೇ ಭಟ್ಟಿಯ ಪಕ್ಕದ ಹಿಂದಿನ ಸೀಟಿನಲ್ಲಿ ಕೂಡುತ್ತಿದ್ದಳು. ಹೊರಡುವ ಬಸ್ಸಿನ ಮುಂದೆ ಬೋಳು ಹಣೆಯವಳು ಕೂತರೆ ಜನ ಮುಖ ಕಿವುಚುತ್ತಾರೆಂದು ಆಕೆಗೆ ಗೊತ್ತಿತ್ತು. ಫಕೀರಪ್ಪ ಎಷ್ಟೋ ಸಲ ಮುಂದಕ್ಕೆ ಕರೆದ. ಬರಲಿಲ್ಲ. “ನನಗ ಥಂಡಿ ತಮ್ಮಾ, ಇಲ್ಲೇ ಬೆಚ್ಚಗೈತಿ” ಎಂದು ಬೇಸಿಗೆಯಲ್ಲೂ ಹೇಳುತ್ತಿದ್ದಳು.

ಒಂದು ದಿನ ಫಕೀರಪ್ಪ ದೊಡ್ಡ ಸುದ್ದಿ ತಂದ. “ಅಮೇರಿಕಾದಾಗ ಇದ್ದಲಿನೂ ಬ್ಯಾಡಂತ, ಭಟ್ಟಿನೂ ಬ್ಯಾಡಂತ. ಭೂಮ್ಯಾಗಿಂದ ಗ್ಯಾಸು ತಾನ ಭುಸ್ ಅಂತ ಬರ್ತೈತಂತ. ಕೊಳವಿ ಹಾಕಿ ಮನಿ ಮನಿ ಒಲಿಗೆ ಬಿಡ್ತಾರಂತ!”

ಎಲ್ಲರೂ ಬಾಯಿ ತೆರೆದರು. ಹಿಂದಿನ ಸೀಟಿನಿಂದ ಅತ್ತಿ ಕೇಳಿದಳು: “ಭೂಮಿತಾಯಿ ಏನ ತಿಂದಿದ್ಲೋ, ಪಾಪ? ಯಾರರ ಅಕಿಗೆ ಒಂದೀಟು ಓಂಕಾಳು ಕೊಡಬಾರದೇನು?”

ಬಸ್ಸಿನಲ್ಲಿ ಎದ್ದ ನಗೆ ಮುಂಡಗೋಡದವರೆಗೂ ನಿಲ್ಲಲಿಲ್ಲ. ಫಕೀರಪ್ಪ ಮಾತ್ರ ನಗಲಿಲ್ಲ. ಅವನಿಗೆ ಆ ಸುದ್ದಿ ಮನಸ್ಸಿಗೆ ಹತ್ತಿತ್ತು. ಯಾರೂ ಇದ್ದಿಲು ಸುಡದೆ, ಪಂಕ ತಿರುವದೆ ಬರುವ ಗ್ಯಾಸು ಅವನ ದೃಷ್ಟಿಯಲ್ಲಿ ಮೋಸದ ಕುಸ್ತಿ. “ದುಡೀಲಾರದ ಬಂದದ್ದು ದಕ್ಕೂದಿಲ್ಲ ಬಿಡ್ರಿ” ಎಂದು ಅಮೇರಿಕಾವನ್ನು ಅಳಿಸಿ ಎರಡೂ ಸಾಲಿನ ಹೊರಗೆ, ತಗಡಿನ ಮೂಲೆಯಲ್ಲಿ ಬರೆದ.

ನನ್ನ ಮದುವೆ ಗೊತ್ತಾದದ್ದು ಮಳಗಿಯ ಚನ್ನಬಸಪ್ಪನವರ ಮಗಳು ಶಾಂತವ್ವನ ಜೊತೆ. ಶಾಂತವ್ವನಿಗೆ ಅದಕ್ಕೆ ಮೊದಲು ಒಂದು ಕಡೆ ನಿಶ್ಚಯವಾಗಿ, ಮದುವೆ ಹತ್ತಿರ ಬಂದಾಗ ಆ ಹುಡುಗ ಜ್ವರದಿಂದ ತೀರಿಕೊಂಡಿದ್ದ. ಜ್ವರ ಬಂದದ್ದು ಅವನಿಗೆ, ಹೆಸರು ಬಂದದ್ದು ಇವಳಿಗೆ. ಹುಡುಗಿಯ ಕಾಲ್ಗುಣ ಸರಿಯಿಲ್ಲವಂತೆ ಎಂದು ನಮ್ಮ ಮನೆಗೂ ಬಂದು ಹೇಳಿಹೋದವರಿದ್ದರು. ನೀಲವ್ವತ್ತಿ ಅಂಥವರಿಗೆ ಕೂಡಲು ಕಂಬಳಿಯನ್ನೂ ಹಾಸಲಿಲ್ಲ. “ಇಂಥಾ ಮಾತು ಕೇಳಿ ಕೇಳಿ ನನ್ನ ಜಲ್ಮ ಕಳದೇತಿ. ಅದೇ ಹುಡಿಗಿನ್ನ ತರೂಣು” ಎಂದು ಹಟ ಹಿಡಿದು ಕೂತಳು. ಹೀಗೆ ಎಲ್ಲ ಗಟ್ಟಿಯಾಯಿತು. ಆದರೆ ಮಳಗಿಯ ಜನ ಈ ಮದುವೆಯಲ್ಲಿ ಏನು ಕೆಡುತ್ತದೆ ಎಂದು ಕಾಯುತ್ತ ಕೂತಿದ್ದಾರೆ ಎಂಬುದು ನಮಗೆಲ್ಲ ಗೊತ್ತಿತ್ತು. ಒಂದು ದೀಪ ಆರಿದರೂ ಅದು ಶಾಂತವ್ವನ ತಲೆಗೇ ಬರುವುದು. ನನ್ನ ಭಾವೀ ಮಾವ ನನಗೆ ಹೇಳಿಕಳಿಸಿದ್ದು ಒಂದೇ ಮಾತು: “ಉಳಿದದ್ದು ಹೆಂಗರ ಆಗಲಿ, ಅಕ್ಕಿಕಾಳಿಗೆ ಹೊತ್ತು ಮೀರಸಬ್ಯಾಡ್ರಿ.” ಅಕ್ಕಿಕಾಳು, ಅಂದರೆ ಮದುಮಕ್ಕಳ ತಲೆಯ ಮೇಲೆ ಅಕ್ಷತೆ, ಬೀಳಬೇಕಾದದ್ದು ಮಧ್ಯಾಹ್ನದೊಳಗೆ.

ಇಂದೂರಿನಿಂದ ದಿಬ್ಬಣ ಒಯ್ಯಲು ಫಕೀರಪ್ಪನ ಬಸ್ಸನ್ನೇ ಹಿಡಿದೆವು. ಹಿಂದಿನ ದಿನ ಅವನು ಬೀಗರೂಟಕ್ಕೆ ಅಕ್ಕಿ ಅಳೆಯುವವನಷ್ಟು ಗಂಭೀರವಾಗಿ ಲೆಕ್ಕ ಹಾಕಿದ. ದಿಬ್ಬಣದಲ್ಲಿ ತೂಕದವರು ಯಾರು ಯಾರು, ಏರಿನಲ್ಲಿ ಇಳಿದು ನೂಕಬಲ್ಲವರು ಎಷ್ಟು, ಸೊಂಟ ಹಿಡಿದವರು ಎಷ್ಟು, ಎಲ್ಲ ವಿಚಾರಿಸಿಕೊಂಡ. ಕೊನೆಗೆ ಹೆಚ್ಚಿನ ಇದ್ದಿಲ ಚೀಲಗಳನ್ನು ಕೆಳಗಿಳಿಸಿ ಹೇಳಿದ: “ಇಷ್ಟಾದ್ರ ಸಾಕು. ಒಂದ ಇದ್ದಲಿ ಹೆಚ್ಚಿಲ್ಲ, ಒಂದ ಇದ್ದಲಿ ಕಡಿಮಿಲ್ಲ. ಮ್ಯಾಲ ನಿಮ್ಮ ಟ್ರಂಕು, ಬೋಗಾಣಿ ಹೇರ್ರಿ.” ಅವನ ಮಾತಿನ ಮೇಲೆ ಭರವಸೆಯಿಟ್ಟು ಬಸ್ಸಿನ ತಲೆಯ ತುಂಬ ಪಾತ್ರೆ ಪರಟಿ ಹೇರಿದೆವು.

ಮುಂಜಾನೆ ಹೊರಟು, ಮುಂಡಗೋಡ ದಾಟಿ, ಪಾಳಾ ತಲುಪಿದಾಗ ಬಿಸಿಲು ಇನ್ನೂ ಎಳೆಯದಿತ್ತು. ಹೊತ್ತು ಬೇಕಾದಷ್ಟಿತ್ತು. ಹಿರಿಯರಿಗೆ ಹೊಟ್ಟೆ ಹಸಿಯಿತು. ಬೀಗರ ಊರಿಗೆ ಹೋಗಿ ಅಕ್ಕಿಕಾಳಿಗೆ ಮೊದಲೇ ತಿನ್ನಲು ಕೇಳುವುದು ಗೌರವವಲ್ಲ. ಆದ್ದರಿಂದ ಬಾವಿಯ ಪಕ್ಕ ಮರದ ಕೆಳಗೆ ಬುತ್ತಿ ಬಿಚ್ಚಿದರು. ಫಕೀರಪ್ಪ ಉಳಿದ ಇದ್ದಿಲನ್ನೆಲ್ಲ ಭಟ್ಟಿಗೆ ಸುರಿದು, ಮುಚ್ಚಳ ತೆರೆದೇ ಇಟ್ಟು, ಮುಖ ತೊಳೆದು ಹೊಸ ವಿಭೂತಿ ಹಚ್ಚಿಕೊಳ್ಳಲು ಬಾವಿಗೆ ಹೋದ. ನಾನು ಬಾಸಿಂಗದ ಪೆಟ್ಟಿಗೆ ಹುಡುಕುವ ನೆವದಲ್ಲಿ ಬಸ್ಸಿನ ಹತ್ತಿರ ಬಂದೆ. ಆಗ ‘ಸುಂಯ್’ ಎಂಬ ದೊಡ್ಡ ಸದ್ದು. ಬಸ್ಸಿನ ಹಿಂದೆ ಬೆಳ್ಳಗೆ ಹೊಗೆ ಎದ್ದಿತು. ಊಟಕ್ಕೆ ಕೂತವರು ತಲೆ ಎತ್ತಿ ನೋಡಿ ಮತ್ತೆ ರೊಟ್ಟಿ ಮುರಿದರು. ಆ ಬಸ್ಸು ಹೊಗೆ ಬಿಡದಿದ್ದರೆ ಮಾತ್ರ ಅವರಿಗೆ ಗಾಬರಿಯಾಗುತ್ತಿತ್ತು.

ನಾನು ಮತ್ತು ಫಕೀರಪ್ಪ ಒಟ್ಟಿಗೇ ಹಿಂದಕ್ಕೆ ಓಡಿದೆವು. ನೀಲವ್ವತ್ತಿ ಹಿಂದಿನ ಮೆಟ್ಟಿಲ ಮೇಲೆ ನಿಂತು ಎರಡನೆಯ ಕೊಡ ನೀರನ್ನು ಭಟ್ಟಿಗೆ ಸುರಿದು ಮುಗಿಸಿದ್ದಳು. ಮುಖದ ಮೇಲೆ ಒಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನ.

“ಏನ ಮಾಡಿದ್ರಿ ಅತ್ತೀ!” ಎಂದೆ.

“ಬಸ್ಸು ನಿಂತೈತಿ, ನೀವೆಲ್ಲಾ ಉಣ್ಣಾಕ ಕುಂತೀರಿ. ಇಲ್ಲಿ ಕಿಚ್ಚು ಒಂದ ಸಮ ಉರಿಯಾಕತ್ತಿತ್ತು. ಇದ್ದಲಿ ಎಷ್ಟು ತುಟ್ಟಿ ಆಗ್ಯಾವ! ಸುಮ್ಮನ ಬೂದಿ ಆಗತಾವಲ್ಲಾ ಅಂತ ಆರಿಸಿದ್ನಿ. ಹೋಗೂ ಮುಂದ ಮತ್ತ ಹಚ್ಚಕೊಂಡ್ರಾತು.”

ಆಕೆ ತನ್ನ ಜೀವಮಾನವೆಲ್ಲ ಅಡಿಗೆ ಮುಗಿದೊಡನೆ ಒಲೆಯ ಕೆಂಡಕ್ಕೆ ನೀರು ಚಿಮುಕಿಸಿ, ಇದ್ದಿಲು ಆರಿಸಿ ಗಡಿಗೆಗೆ ತುಂಬಿದವಳು. ಉರಿಯುವ ಕೆಂಡವನ್ನು ಕೆಲಸವಿಲ್ಲದೆ ಬಿಟ್ಟು ಊಟಕ್ಕೆ ಹೋಗುವ ಗಂಡಸರನ್ನು ಕಂಡು ಹೊಟ್ಟೆ ಉರಿದಿತ್ತು.

ಫಕೀರಪ್ಪ ಭಟ್ಟಿಯೊಳಗೆ ಇಣುಕಿದ. ಎಲ್ಲ ಒದ್ದೆ ಮುದ್ದೆ. ಈಗ ಕೂಗಾಡುತ್ತಾನೆ, ಕೊಡ ಎತ್ತಿ ಎಸೆಯುತ್ತಾನೆ ಎಂದುಕೊಂಡೆ. ಅವನು ಒಮ್ಮೆ ಅತ್ತಿಯ ಬೋಳು ಹಣೆ ನೋಡಿದ, ಒಮ್ಮೆ ಮರದ ಕೆಳಗಿನ ಜನರನ್ನು ನೋಡಿದ. ಮದುವೆಗೆ ಹೊರಟ ದಿಬ್ಬಣದ ಬೆಂಕಿಗೆ ವಿಧವೆಯೊಬ್ಬಳು ನೀರು ಸುರಿದಳು ಎಂಬ ಮಾತು ಆ ಮರದ ಕೆಳಗೆ ಹುಟ್ಟಿದರೆ ಮಳಗಿಗೆ ನಮಗಿಂತ ಮೊದಲೇ ಹೋಗಿ ಮುಟ್ಟುತ್ತಿತ್ತು. ಅಲ್ಲಿ ಇಬ್ಬರನ್ನೂ ಸುಡುತ್ತಿತ್ತು, ಸುರಿದವಳನ್ನೂ ಬಾಸಿಂಗ ಕಟ್ಟಿ ಕೂತವಳನ್ನೂ.

“ಅತ್ತೀ, ಕೊಡಾ ಎಲ್ಲಿಂದ ತಂದಿದ್ರಿ ಅಲ್ಲೇ ಇಟ್ಟು ಹೋಗಿ ಮಂದ್ಯಾಗ ಕುಂದರ್ರಿ. ಯಾರ ಮುಂದೂ ತುಟಿ ಪಿಟಕ್ ಅನಬ್ಯಾಡ್ರಿ,” ಎಂದ, ಮೆಲ್ಲಗೆ. ಅತ್ತಿಗೆ ಆಗ ಅರ್ಥವಾಯಿತು. ಸೆರಗು ತಲೆಯ ಮೇಲೆ ಎಳೆದುಕೊಂಡು ಕೊಡ ಎತ್ತಿದಳು. ಫಕೀರಪ್ಪ ನನ್ನ ಕಡೆ ತಿರುಗಿ, “ಮಾಸ್ತರ, ನೀವೂ ಏನೂ ನೋಡಿಲ್ಲ,” ಎಂದ.

ಆಮೇಲೆ ಮರದ ಹತ್ತಿರ ಹೋಗಿ, ಗರಡಿಮನೆಯ ಗಂಟಲಲ್ಲಿ ಸಾರಿದ: “ಇದ್ದಲಿ ತೀರ್ಯಾವ್ರೀ! ನನ್ನ ಲೆಕ್ಕ ತಪ್ಪೇತಿ!”

ಒಂದು ಕ್ಷಣ ಯಾರೂ ನಂಬಲಿಲ್ಲ. ನಮ್ಮ ಕಾಕಾ ಕೈಯಲ್ಲಿನ ರೊಟ್ಟಿ ಬಿಟ್ಟು ಎದ್ದುಬಂದು, “ಏನಂದಿ? ಇನ್ನೊಮ್ಮೆ ಅನ್ನು,” ಎಂದರು. ಜಗತ್ತಿಗೇ ಲೆಕ್ಕ ಹೇಳುತ್ತಿದ್ದವನ ಬಾಯಿಂದ ಆ ಮಾತು ಕೇಳಲು ಎಷ್ಟು ವರ್ಷದಿಂದ ಕಾದಿದ್ದರೋ! ಫಕೀರಪ್ಪ ಇನ್ನೊಮ್ಮೆ ಅಂದ. ಬೇಕೆಂದವರಿಗೆಲ್ಲ ಮತ್ತೊಮ್ಮೆ ಅಂದ. ಅವರು ಅವನನ್ನು ಬೈಯುವ ಸಂಭ್ರಮದಲ್ಲಿರುವಾಗ ಒಬ್ಬನೇ ಹಿಂದೆ ಹೋಗಿ ಒದ್ದೆ ಇದ್ದಿಲನ್ನೆಲ್ಲ ಕೆದಕಿ ಆಚೆಯ ತಗ್ಗಿಗೆ ಸುರಿದು ಮಣ್ಣು ಎಳೆದ.

ಇದ್ದಿಲು ಎಲ್ಲಿಂದ ತರುವುದು? ಗಂಡಸರು ಸಭೆ ಸೇರಿ ಹುಬ್ಬಳ್ಳಿ, ದಾಂಡೇಲಿ ಎಂದು ಮಾತಾಡತೊಡಗಿದರು. ಅಷ್ಟರಲ್ಲಿ ನೀಲವ್ವತ್ತಿ ಸೆರಗು ಕಟ್ಟಿಕೊಂಡು ಪಾಳಾದ ಓಣಿಯೊಳಗೆ ನುಗ್ಗಿದ್ದಳು. ಆಕೆಯಂತೆಯೇ ಕೆಂಡ ಆರಿಸಿ ಗಡಿಗೆ ತುಂಬುವ ಹೆಂಗಸು ಪ್ರತಿ ಮನೆಯಲ್ಲೂ ಇದ್ದಾಳೆಂದು ಆಕೆಗೆ ಗೊತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಮೊರ, ಬುಟ್ಟಿ, ಸೆರಗಿನ ತುಂಬ ಅಡಿಗೆಮನೆಯ ಇದ್ದಿಲು ಹೊತ್ತು ಪಾಳಾದ ಹೆಂಗಸರ ಮೆರವಣಿಗೆಯೇ ಬಂತು. ಹುಣಸೆ, ಮಾವು, ಗೋವಿನಜೋಳದ ದಂಟು, ಏನೇನು ಇತ್ತೋ ಅದರಲ್ಲಿ. ಬೇರೆ ದಿನವಾಗಿದ್ದರೆ ಫಕೀರಪ್ಪ ಅಂಥ ಇದ್ದಿಲನ್ನು ಬಸ್ಸಿನ ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಅಂದು ಪ್ರತಿ ಬುಟ್ಟಿಗೂ ಕೈಮುಗಿದ. ಮದುಮಗನಾದ ನಾನು ಅರಿಷಿಣದ ಧೋತರದಲ್ಲೇ ಪಂಕ ತಿರುವಿದೆ.

ಬಸ್ಸು ಗೂರಲು ಹತ್ತಿದ ಮುದುಕನಂತೆ ಕೆಮ್ಮುತ್ತ, ನಾವು ನೂಕುತ್ತ, ಮಳಗಿ ಮುಟ್ಟಿದಾಗ ಹೊತ್ತು ಮೀರಿಹೋಗಿತ್ತು. ಹಂದರದಲ್ಲಿ ವಾಲಗ ನಿಂತಿತ್ತು. ಯಾರೂ ನಮ್ಮನ್ನು ಬರಮಾಡಿಕೊಳ್ಳಲು ಏಳಲಿಲ್ಲ. ಎಲ್ಲರ ಕಣ್ಣು ಶಾಂತವ್ವನ ಮೇಲೆ. ಆಕೆ ಬಾಸಿಂಗ ಕಟ್ಟಿಕೊಂಡು ತಲೆ ತಗ್ಗಿಸಿ ಕೂತಿದ್ದಳು. ಕಣ್ಣೀರು ಮಡಿಲಿಗೆ ಬೀಳುತ್ತಿತ್ತು. “ಮೊದಲನೇದೂ ಹಿಂಗ ಆತು. ಆ ಹುಡಿಗಿ ಕಾಲ್ಗುಣಾನ ಅಂಥಾದ್ದು,” ಎಂದು ಹೆಂಗಸರ ಕಡೆಯಿಂದ ಒಂದು ಧ್ವನಿ, ಎಲ್ಲರಿಗೂ ಕೇಳಲಿ ಎಂದೇ ಹೇಳಿದ್ದು. ನನ್ನ ಮಾವ ಕಂಬ ಹಿಡಿದು ನಿಂತಿದ್ದರು. ಆ ಮುಖವನ್ನು ನಾನು ಇಂದಿಗೂ ಮರೆತಿಲ್ಲ.

ಮಸಿ ಮೆತ್ತಿದ ಫಕೀರಪ್ಪ ಎಲ್ಲರನ್ನೂ ತಳ್ಳಿಕೊಂಡು ಹಂದರದ ನಡುವೆ ಬಂದು ನಿಂತ.

“ಕಾಲ್ಗುಣಾ ಗೀಲ್ಗುಣಾ ಏನೂ ಇಲ್ಲರಿ! ಇದ್ದಲಿ ಕಡಿಮಿ ತಂದಾವ ನಾನು. ಜರ್ಮನಿ ಲೆಕ್ಕ ನಂದು ತಪ್ಪಿಲ್ಲ, ಜಪಾನಿಂದು ತಪ್ಪಿಲ್ಲ, ನಿಮ್ಮೂರಿಂದ ತಪ್ಪೇತಿ. ನಿಮ್ಮ ಮಳಗಿ ನಾ ಅನಕೊಂಡದ್ದಕ್ಕಿಂತ ದೂರ ಐತಿ! ಬೈಯೂದಿದ್ರ ನನಗ ಬೈರಿ. ಹುಡಿಗೀಗೆ ಯಾಕ ಅಂತೀರಿ?”

ಯಾರೋ ಹುಡುಗರು ಕಿಸಕ್ಕನೆ ನಕ್ಕರು. ಅಷ್ಟರಲ್ಲಿ ನನ್ನ ಮಾವ ಕಂಬ ಬಿಟ್ಟು ಬಂದು ಅವನ ಅಂಗಿ ಹಿಡಿದರು. “ಹೊಟ್ಟಿಗೆ ಅನ್ನಾ ತಿಂತೀಯೋ ಇದ್ದಲಿ ತಿಂತೀಯೋ!” ಎಂದು ಶುರುವಾದ ಅವರ ಬೈಗುಳಕ್ಕೆ ಇಡೀ ಮಳಗಿ ದನಿಗೂಡಿಸಿತು. ಪಂಕ ತಿರುವಿದ ಹಳೆಯ ಸಿಟ್ಟುಗಳೆಲ್ಲ ಹೊರಬಂದವು. ಆ ರೇಷ್ಮೆ ರುಮಾಲಿನ ಸಾಹುಕಾರರೂ ಅಲ್ಲಿದ್ದರು. ತಾವು ಬೆಂದ ದಿನವನ್ನು ನೆನೆಸಿ ನೆನೆಸಿ ಬೈದರು. ಬೈಯಲು ಇಷ್ಟು ದೊಡ್ಡ ಆಳು ಸಿಕ್ಕ ಮೇಲೆ ಕಾಲ್ಗುಣದ ಮಾತು ಯಾರಿಗೂ ಬೇಕಾಗಲಿಲ್ಲ. ಎಲ್ಲರೂ ಬೈದು ದಣಿದ ಮೇಲೆ ಮಠದ ಅಯ್ಯನವರು ಪಂಚಾಂಗ ಮಡಚಿ, ಗೋಧೂಳಿಯ ಹೊತ್ತೂ ಚಲೋ ಇದೆ ಎಂದರು. ಸಂಜೆ ಅಕ್ಕಿಕಾಳು ಬಿದ್ದವು. ನೀಲವ್ವತ್ತಿ ಹಂದರದ ಹೊರಗೆ ನಿಂತು ನೋಡಿದಳು. ಆಕೆಯ ಪಕ್ಕದಲ್ಲಿ ಫಕೀರಪ್ಪ ನಿಂತಿದ್ದ.

ಸುದ್ದಿ ಬಸ್ಸಿನ ಮಾಲಕರಿಗೆ ಮುಟ್ಟಿತು. ಲೆಕ್ಕ ಬರದವನು ತಮ್ಮ ಬಸ್ಸಿಗೆ ಬೇಡ ಎಂದು ಅವರು ಫಕೀರಪ್ಪನನ್ನು ಬಿಡಿಸಿದರು. ನಾನು ಸಿಟ್ಟಿನಿಂದ, ಈಗಲೇ ಹೋಗಿ ನಿಜ ಹೇಳುತ್ತೇನೆ ಎಂದು ಎದ್ದೆ. ಅವನು ನನ್ನ ರಟ್ಟೆ ಹಿಡಿದು ಕೂಡಿಸಿದ. ಕುಸ್ತಿಯ ಹಿಡಿತ ಅಂದು ಗೊತ್ತಾಯಿತು.

“ಮಾಲಕ್ರಿಗೆ ಹೇಳಿದ್ರ ಮಳಗಿಗೆ ಡಂಗುರಾ ಸಾರಿದಂಗ. ನನಗೇನ್ರಿ, ಇನ್ನೊಂದು ಗಾಡಿ ಸಿಗತೈತಿ. ಅತ್ತಿ ಈ ವಯಸ್ನ್ಯಾಗ ಎಲ್ಲಿ ಹೋಗಬೇಕು?”

ಹೀಗೆ ಅವನು ದಾಂಡೇಲಿಯ ಕಡೆ ಹೋದ. ಮುಂಡಗೋಡ ಸೀಮೆಯಲ್ಲಿ ತಪ್ಪಿದ ಲೆಕ್ಕಕ್ಕೆಲ್ಲ ಫಕೀರಪ್ಪನ ಲೆಕ್ಕ ಎಂಬ ಹೆಸರು ಬಿತ್ತು. ನನ್ನ ತರಗತಿಯಲ್ಲಿ ಹುಡುಗರೂ ಹಾಗೆ ಅನ್ನುತ್ತಿದ್ದರು. ನಾನು ಯಾವುದಕ್ಕೂ ಹೊಡೆಯದ ಮಾಸ್ತರ, ಅದಕ್ಕೆ ಮಾತ್ರ ಹೊಡೆಯುತ್ತಿದ್ದೆ. ಹುಡುಗರಿಗೆ ಕಾರಣ ತಿಳಿಯುತ್ತಿರಲಿಲ್ಲ.

ಯುದ್ಧ ಮುಗಿಯಿತು. ಪೆಟ್ರೋಲು ಬಂತು, ಭಟ್ಟಿಗಳು ಗುಜರಿಗೆ ಹೋದವು. ನೀಲವ್ವತ್ತಿ ಹಾಸಿಗೆ ಹಿಡಿದಾಗ ಶಾಂತವ್ವನನ್ನು ಹತ್ತಿರ ಕರೆದು ತಾನೇ ಎಲ್ಲವನ್ನೂ ಹೇಳಿದಳು. “ಆ ಕಿಚ್ಚು ಆರಿಸಿದಾಕಿ ನಾನವ್ವಾ, ಪಾಪ ಆ ತಮ್ಮ ಬೈಸಿಕೊಂಡ” ಎಂದಳು. ಶಾಂತವ್ವ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ಅತ್ತಿಯ ಕಾಲ ಹತ್ತಿರ ಕೂತು ಬಹಳ ಅತ್ತಳು. ಅತ್ತಿ ಹೋದ ಮರುವರ್ಷ ಯಾವುದೋ ಸಂಬಂಧಿಕರ ಮನೆಗೆ ದಾಂಡೇಲಿಗೆ ಹೋಗುವುದು ಬಂತು. ಶಾಂತವ್ವನದು ಒಂದೇ ಹಟ: ಫಕೀರಪ್ಪಣ್ಣನನ್ನು ಕಾಣದೆ ಬರುವುದಿಲ್ಲ.

ಕಟ್ಟಿಗೆ ಲಾರಿಗಳು ನಿಲ್ಲುವ ಕಡೆ ಒಂದು ಚಹಾದಂಗಡಿಯಲ್ಲಿ ಸಿಕ್ಕ. ಅದೇ ನಾನು ಅವನನ್ನು ಕೊನೆಯ ಸಲ ಕಂಡದ್ದು. ಮುಂದಿನ ಮಳೆಗಾಲದಲ್ಲಿ ಹಳಿಯಾಳದಲ್ಲಿ ತೀರಿಕೊಂಡನೆಂದು ಕೇಳಿದೆ. ಅಂದು ಅವನ ಕೂದಲು ನೆರೆತಿತ್ತು, ಮುಖ ತೊಳೆದು ಬೆಳ್ಳಗಾಗಿತ್ತು. ಹೀಗಾಗಿ ಗುರುತು ಹಿಡಿಯಲು ತುಸು ಹೊತ್ತು ಬೇಕಾಯಿತು. ನಮ್ಮನ್ನು ಕಂಡವನೇ ಸುತ್ತಲಿದ್ದ ಲಾರಿಯವರನ್ನೆಲ್ಲ ಕರೆದು ಪರಿಚಯ ಹೇಳಿದ: “ಇವ್ರ ಮದುವ್ಯಾಗ ನೋಡ್ರಿ ನನ್ನ ಮಾನಾ ಹೋದದ್ದು!” ಕಥೆ ಶುರುವಾಯಿತು. ಅದು ಎಷ್ಟೋ ಸಲ ಹೇಳಿ ಹೇಳಿ ಬೆಳೆದಿತ್ತು. ಈಗ ಪಾಳಾದ ಹತ್ತಿರ ಒಂದು ಹುಲಿಯೂ ಬರುತ್ತಿತ್ತು, ಮದುಮಗ ಅದಕ್ಕೆ ಹೆದರಿ ಟ್ರಂಕಿನೊಳಗೆ ಅಡಗುತ್ತಿದ್ದ. ಲಾರಿಯವರು ನನ್ನನ್ನು ನೋಡಿ ನೋಡಿ ನಕ್ಕರು.

ನಡುವೆ ಚಹಾ ಬಂದಾಗ ನನ್ನ ಕಡೆ ಬಾಗಿ ಸಣ್ಣ ದನಿಯಲ್ಲಿ ಕೇಳಿದ: “ಅತ್ತಿ ಆರಾಮ ಅದಾರಿಲ್ರಿ?”

“ಹೋದ ವರ್ಷ ತೀರಿಕೊಂಡ್ರು,” ಎಂದೆ.

ಚಹಾದ ಬಶಿಯನ್ನು ಕೆಳಗಿಟ್ಟ. ಜೇಬಿನಿಂದ ವಿಭೂತಿ ಗಟ್ಟಿ ತೆಗೆದು ಹಣೆಗೆ ಎಳೆದುಕೊಂಡ. ಲಾರಿಯವರಿಗೆ ತಡೆಯಲಾಗಲಿಲ್ಲ. “ಮುಂದ ಹೇಳಣ್ಣಾ. ಅಷ್ಟು ತುಂಬಿದ್ದ ಇದ್ದಲಿ ಹೆಂಗ ತೀರಿದುವು?” ಎಂದು ಒಬ್ಬ ಕೇಳಿದ. ಫಕೀರಪ್ಪ ಎದುರಿಗೆ ಮಗನನ್ನು ತೊಡೆಯ ಮೇಲೆ ಕೂಡಿಸಿಕೊಂಡಿದ್ದ ಶಾಂತವ್ವನನ್ನು ನೋಡಿದ. ಅವಳಿಗೆ ಎಲ್ಲ ಗೊತ್ತಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

“ಹೆಂಗ ಅಂದ್ರ? ನನ್ನ ಲೆಕ್ಕ ತಪ್ಪಿತ್ತು,” ಎಂದ.

ಇನ್ನಾದರೂ ಸಾಕು, ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಶಾಂತವ್ವ ಮಗನನ್ನು ಇಳಿಸಿ ಎದ್ದುನಿಂತು, ಅಂಗಡಿಯವರೆಲ್ಲ ಕೇಳುವಂತೆ ಬೈಯತೊಡಗಿದಳು. “ಲೆಕ್ಕಾ ಬರೂದಿಲ್ಲಂದ್ರ ನಿಬ್ಬಣಾ ಯಾಕ ಹೊರಡಸಬೇಕಿತ್ತರಿ ಅಣ್ಣಾರ? ಬಾಸಿಂಗಾ ಕಟಗೊಂಡು ಸಂಜಿತನಕಾ ಕುಂತಿದ್ನಿ, ಇನ್ನೂ ಕುತಿಗಿ ನೋಯತೈತಿ. ನಿಮ್ಮಂಥಾ ಲೆಕ್ಕದಾವ್ರನ್ನ ನಾ ಎಲ್ಲೂ ನೋಡಿಲ್ಲ!”

ಲಾರಿಯವರು ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಗಟ್ಟಿಯಾಗಿ ಫಕೀರಪ್ಪ ನಕ್ಕ. “ತಪ್ಪಾತವ್ವಾ, ತಪ್ಪಾತು,” ಎಂದು ಕೈಮುಗಿದ. ಶಾಂತವ್ವ ಮಗನ ಕೈಹಿಡಿದು ಅವನ ಹತ್ತಿರ ಕರೆದೊಯ್ದು ಕಾಲಿಗೆ ಬೀಳಿಸಿದಳು. ಆಕೆಗೆ ಬೆನ್ನಿಗೆ ಬಿದ್ದ ಅಣ್ಣತಮ್ಮಂದಿರು ಇರಲಿಲ್ಲ.

“ಯಾರು ಇವ್ರು ಅಂತ ಯಾರರ ಕೇಳಿದ್ರ ನಮ್ಮ ಸ್ವಾದರಮಾವ ಅಂತ ಹೇಳು,” ಎಂದಳು.